ದುರಸ್ತಿಯ ಹಕ್ಕು ಯಾರದು?

‘ಕೊನೆಗೆ ಬರುವವರು ಪ್ರವಾಸಿಗರು’ - ಜರ್ಮನ್ ನಿರ್ದೇಶಕ ರಾಬರ್ಟ್ ಥಾಲ್‌ಹೈಮ್ 2007ರಲ್ಲಿ ತೆಗೆದ ಚಿತ್ರದ ಹೆಸರನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ. ಕತೆ ನಡೆಯುವುದು ಪೋಲೆಂಡಿನ ಒಶ್ವಿಯೆಂಚಿಮ್ ಎಂಬ ಊರಿನಲ್ಲಿ. ಊರಿನವರ ಬಾಯಲ್ಲಿರುವ ಹೆಸರು ಅದು. ಜಗತ್ತಿಗೆ ಗೊತ್ತಿರುವುದು ಜರ್ಮನರು ಕರೆದ ಹೆಸರು, ಔಶ್‌ವಿಟ್ಸ್. ಒಂದೇ ಊರನ್ನು ಎರಡು ಭಾಷೆಗಳಲ್ಲಿ ಎರಡು ಬಗೆಯಾಗಿ ಕರೆಯುವ ನಮ್ಮಂಥವರಿಗೆ ಇದು ಥಟ್ಟನೆ ಗಮನಕ್ಕೆ ಬರುತ್ತದೆ.

1940ರಿಂದ 1945ರ ಜನವರಿಯ ತನಕ ಅಲ್ಲಿ ಸುಮಾರು 11 ಲಕ್ಷ ಜನರನ್ನು ಕೊಲ್ಲಲಾಯಿತು. ಅವರಲ್ಲಿ ಹತ್ತು ಲಕ್ಷದಷ್ಟು ಮಂದಿ ಯಹೂದಿಗಳು. 1947ರಲ್ಲಿ ಅದು ಸ್ಮಾರಕ ವಸ್ತುಸಂಗ್ರಹಾಲಯವಾಯಿತು. 1958ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಒಂದು ಸಂಸ್ಥೆ ಇಂಥ ಸ್ಥಳಗಳಿಗೆ ತರುಣರನ್ನು ಕೈಕೆಲಸಕ್ಕೆ ಕಳುಹಿಸತೊಡಗಿತು. ಅದರ ಹೆಸರಿನ ಅರ್ಥ ‘ಪ್ರಾಯಶ್ಚಿತ್ತದ ಗುರುತು’. ಬೇರೆ ಬೇರೆ ದೇಶಗಳ ಹುಡುಗ ಹುಡುಗಿಯರು ಬೇಸಿಗೆಯಲ್ಲಿ ಬಂದು ಕಳೆ ಕೀಳುತ್ತಾರೆ, ದಾರಿ ಚೊಕ್ಕಟ ಮಾಡುತ್ತಾರೆ, ಬದುಕುಳಿದವರ ಮಾತು ಕೇಳುತ್ತಾರೆ. ನಮ್ಮಲ್ಲಿ ಶ್ರಮದಾನ ನಡೆಯುವುದೂ ಶಿಬಿರ, ಜನರನ್ನು ಕೂಡಿಹಾಕಿ ಕೊಂದದ್ದೂ ಶಿಬಿರ. ದುಡಿಮೆಯೇ ಬಿಡುಗಡೆ ಎಂಬ ಸುಳ್ಳನ್ನು ಹೆಬ್ಬಾಗಿಲ ಮೇಲೆ ಬರೆಸಿದ್ದ ಜಾಗದಲ್ಲಿ ಮತ್ತೆ ದುಡಿಯಲು ಹೋಗುವುದೆಂದರೆ ಏನು? ಚಿತ್ರ ಈ ಪ್ರಶ್ನೆಯನ್ನು ಭಾಷಣವಿಲ್ಲದೆ ಎತ್ತುತ್ತದೆ.

ಸೈನ್ಯದ ಬದಲಿಗೆ ಸಮಾಜಸೇವೆ ಆರಿಸಿಕೊಂಡ ಸ್ವೆನ್ ಎಂಬ ಹುಡುಗ ಅಲ್ಲಿನ ಯುವಜನ ಕೇಂದ್ರಕ್ಕೆ ಬರುತ್ತಾನೆ. (ಜರ್ಮನಿಯಲ್ಲಿದ್ದ ಆ ವ್ಯವಸ್ಥೆ 2011ರಲ್ಲಿ ಕೊನೆಗೊಂಡಿತು.) ಅವನಿಗೆ ಬೇಕಿದ್ದದ್ದು ಆಮ್‌ಸ್ಟರ್‌ಡಾಮ್, ಸಿಕ್ಕಿದ್ದು ಇದು. ಪ್ರಾಯಶ್ಚಿತ್ತದ ಹಂಬಲವೇನೂ ಅವನಿಗಿಲ್ಲ. ಥಾಲ್‌ಹೈಮ್ ಸ್ವತಃ ಅಲ್ಲಿ ಇಂಥದೇ ಸೇವೆ ಮಾಡಿದವರಾದ್ದರಿಂದ ಹುಡುಗನ ಬೇಸರ, ಮುಜುಗರ ಎರಡೂ ನಿಜವೆನಿಸುತ್ತವೆ. ಅವನ ಪಾಲಿಗೆ ಬರುವ ಕೆಲಸ ಕ್ಷೆಮಿನ್‌ಸ್ಕಿ ಎಂಬ ಮುದುಕನ ಆರೈಕೆ. ಶಿಬಿರದಿಂದ ಬದುಕುಳಿದ ಈತ ಅಲ್ಲೇ ವಾಸಿಸುತ್ತಾನೆ, ಸತ್ತವರ ಪೆಟ್ಟಿಗೆಗಳನ್ನು ರಿಪೇರಿ ಮಾಡುತ್ತಾನೆ.

ಚಿತ್ರದ ಜೀವ ಇರುವುದು ಇಲ್ಲಿ. ಪೆಟ್ಟಿಗೆ ಇದ್ದ ಸ್ಥಿತಿಯಲ್ಲೇ ಉಳಿಯಬೇಕು, ಹೊಸದು ಮಾಡಬಾರದು ಎನ್ನುವುದು ಸಂರಕ್ಷಣಾ ತಜ್ಞರ ವಾದ. ಮೊದಲಿಗೆ ನಾನು ಅವರ ಕಡೆಗೇ ವಾಲಿದೆ. ನಾನು ಬ್ಯಾಂಕಿಗೆ ಸೇರಿದ ಹೊಸದರಲ್ಲಿ ಕೈಬರಹದ ಲೆಡ್ಜರ್ ಇನ್ನೂ ಇತ್ತು; ತಪ್ಪು ಬರೆದರೆ ಕೆರೆದು ಅಳಿಸಬಾರದು, ಓದಲು ಬರುವ ಹಾಗೆ ಗೆರೆ ಎಳೆದು ಪಕ್ಕದಲ್ಲಿ ರುಜು ಹಾಕಬೇಕು ಎಂದು ಹಿರಿಯರು ಕಲಿಸಿದ್ದರು. ಪುರಾವೆಯನ್ನು ಚಂದಗಾಣಿಸಿದರೆ ಅದು ಪುರಾವೆಯಲ್ಲ. ಆದರೆ ಮುದುಕನಿಗೆ ಅದು ಪುರಾವೆಯಲ್ಲ, ಒಬ್ಬರ ಪೆಟ್ಟಿಗೆ. ಹಿಡಿ ಕಿತ್ತುಹೋದದ್ದನ್ನು ಸರಿಮಾಡದೆ ಇಡುವುದು ಅವನಿಂದಾಗದು. ಇಬ್ಬರೂ ಸರಿ, ಹಾಗಾಗಿಯೇ ಅವನ ಕೈಯಿಂದ ಕೆಲಸ ಕಿತ್ತುಕೊಳ್ಳುವಾಗ ನಮಗೆ ಯಾರ ಮೇಲೂ ಸಿಟ್ಟು ಮಾಡಲಾಗುವುದಿಲ್ಲ.

ಇನ್ನೊಂದು ಸನ್ನಿವೇಶ: ಜರ್ಮನ್ ಕಂಪೆನಿಯೊಂದರ ತರುಣ ಕಾರ್ಮಿಕರು ಅವನ ತೋಳಿನ ಮೇಲೆ ಹಚ್ಚೆ ಹಾಕಿದ ಕೈದಿ ಸಂಖ್ಯೆ ನೋಡಬಯಸುತ್ತಾರೆ. ಅದು ಮಾಸಿದೆಯಲ್ಲ ಎಂದು ಒಬ್ಬ ಹೇಳಿದಾಗ, ಮತ್ತೆ ತಿದ್ದಿಸಿಕೊಂಡಿಲ್ಲ ಎಂಬರ್ಥದ ಉತ್ತರ ಬರುತ್ತದೆ. ಪೆಟ್ಟಿಗೆಯನ್ನು ಸರಿಪಡಿಸುವವನು ಇದನ್ನು ಸರಿಪಡಿಸಿಲ್ಲ! ಮುಂದೆ ಸ್ಮಾರಕವೊಂದರ ಸಮಾರಂಭದಲ್ಲಿ ಅವನ ಮಾತನ್ನು ನಡುವೆಯೇ ಮೊಟಕುಗೊಳಿಸುತ್ತಾರೆ. ಬೇಕಾಗಿದ್ದದ್ದು ಅವನ ಹಾಜರಿ, ಮಾತಲ್ಲ. ರಿಷಾರ್ಡ್ ರೊಂಚೆವ್‌ಸ್ಕಿ ಈ ಪಾತ್ರವನ್ನು ಕರುಣೆ ಬೇಡದೆ, ಒರಟಾಗಿ ನಿರ್ವಹಿಸಿದ್ದಾರೆ.

ಕೊರತೆಯೂ ಇದೆ. ಮಾರ್ಗದರ್ಶಿ ಹುಡುಗಿ ಆನಿಯಾಳೊಂದಿಗಿನ ಪ್ರೇಮ ತೀರ ತೆಳು. ಅವಳು ಅದೇ ಊರಿನವಳು; ಆ ಹೆಸರಿನ ನೆರಳಲ್ಲಿ ದಿನನಿತ್ಯ ಬದುಕುವ ಅವಳ ಕಷ್ಟಕ್ಕೆ ಇನ್ನಷ್ಟು ಜಾಗ ಬೇಕಿತ್ತು.

ಇಲ್ಲಿನ ಫಿಲಂ ಸೊಸೈಟಿಯ ಪ್ರದರ್ಶನ ಮುಗಿದಾಗ ಪಕ್ಕದಲ್ಲಿದ್ದ ನಿವೃತ್ತ ಮಾಷ್ಟ್ರು, “ಅಜ್ಜನ ಕಾಲದ ತಪ್ಪಿಗೆ ಈ ಹುಡುಗನೇಕೆ ಹೊರೆ ಹೊರಬೇಕು ಮಾರಾಯರೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರದಲ್ಲಂತೂ ಅವನು ಹೊರುವುದು ಮುದುಕನ ಸಾಮಾನನ್ನು ಮಾತ್ರ, ಅದೂ ಗೊಣಗುತ್ತ. ಕೊನೆಯಲ್ಲಿ ಊರು ಬಿಡಲು ಹೊರಟವನು ನಿಲ್ದಾಣದಲ್ಲಿ ಶಾಲಾಮಕ್ಕಳ ತಂಡವೊಂದಕ್ಕೆ ದಾರಿ ತೋರಿಸಲು ನಿಲ್ಲುತ್ತಾನೆ. ಅವರೂ ಪ್ರವಾಸಿಗರೇ.