ಚಕ್ಕಡಿ ದಾರಿ

ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಂಡೆಗುಂಟ ನಡೆಯುವವರಿಗೂ ಸೈಕಲ್ಲಿನವರಿಗೂ ಅಂತ ಹಾದಿ ಮಾಡಿದ್ದಾರೆ. ಒಳ್ಳೆಯದೇ. ಆದರೆ ನವಲಗುಂದ, ಅಣ್ಣಿಗೇರಿ ಕಡೆಯವರಿಗೆ ಇದೇನು ಹೊಸದಲ್ಲ. ನಮ್ಮ ಚಕ್ಕಡಿ ದಾರಿ ಮೊದಲಿನಿಂದಲೂ ಎಲ್ಲರದು.

ನಡುವೆ ಗರಿಕೆ, ಎರಡೂ ಬದಿಗೆ ಗಾಲಿ ತುಳಿದ ಗೀರು. ಮಾಗಿಯಲ್ಲಿ ಆ ಗೀರು ಸಿಮೆಂಟಿನಷ್ಟು ಗಟ್ಟಿ. ಸೈಕಲ್ಲು ಹಳಿ ಹಿಡಿದ ರೈಲಿನ ಹಾಗೆ ಓಡುತ್ತದೆ. ಎದುರಿಗೆ ಚಕ್ಕಡಿ ಬಂದರೆ ಇಳಿದು ಬದುವಿಗೆ ಸರಿಯಬೇಕು. ಸರಿದವನ ಕೈ ಸುಮ್ಮನಿರುತ್ತದೆಯೇ? ಕಡಲೆಗಿಡ ಕಿತ್ತು ಸುಲಿದರೆ ಇಬ್ಬನಿಯ ಹುಳಿ ಬೆರಳಿಗೆ ಹತ್ತುತ್ತದೆ.

ಮಳೆಯಾಯಿತೋ, ಎರೆಮಣ್ಣು ಯಾರಪ್ಪನ ಮಾತೂ ಕೇಳುವುದಿಲ್ಲ. ಹತ್ತು ಮಾರು ಹೋಗುವುದರೊಳಗೆ ಮಡ್‌ಗಾರ್ಡಿನಲ್ಲಿ ಮಣ್ಣು ಗಿಡಿದು ಗಾಲಿ ನಿಂತುಬಿಡುತ್ತದೆ. ಕಡ್ಡಿಯಿಂದ ಕೆರೆದು ಸಾಕಾಗಿ ಒಮ್ಮೆ ಸೈಕಲ್ಲನ್ನೇ ಹೆಗಲಿಗೇರಿಸಿದ್ದೆ. ಬುತ್ತಿ ಹೊತ್ತು ಬರಿಗಾಲಲ್ಲಿ ಬಂದ ಅಜ್ಜಿ, ‘ಸೈಕಲ್ ಮ್ಯಾಲ ನೀನೋ, ನಿನ್ನ ಮ್ಯಾಲ ಸೈಕಲ್ಲೋ ತಮ್ಮಾ?’ ಎಂದು ನಗುತ್ತ ನನ್ನನ್ನು ದಾಟಿ ಹೋದಳು.

‘ನಮ್ಮ ಹೊಲ ನಮ್ಮ ದಾರಿ’ ಯೋಜನೆಯಲ್ಲಿ ಕೆಲವು ದಾರಿಗಳಿಗೆ ಈಗ ಗರಸು ಬಿದ್ದಿದೆ. ಬೀಳಲಿ, ಗರಿಕೆ ಉಳಿದರೆ ಸಾಕು. ಎಳ್ಳಮವಾಸ್ಯೆಗೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಲು ಹೊರಟಾಗ ಚಕ್ಕಡಿ, ಟ್ರ್ಯಾಕ್ಟರ್, ಸೈಕಲ್ಲು, ತಲೆ ಮೇಲೆ ಬುಟ್ಟಿ ಹೊತ್ತವರು ಎಲ್ಲ ಒಂದೇ ಸಾಲು. ಮುಂದಿನ ಎತ್ತಿನ ಕೊರಳಗೆಜ್ಜೆಯೇ ಹಾರ್ನು.