ಬೆಳೆದರೂ ಮರಿಯಾಗಿ ಉಳಿಯುವ ಜೀವಿ: ಗೂಲ್ಡರ ಗ್ರಂಥವನ್ನು ಕುರಿತು

ಸ್ಟೀಫನ್ ಜೇ ಗೂಲ್ಡರ 'ಆಂಟಾಜೆನಿ ಅಂಡ್ ಫೈಲಾಜೆನಿ' ಎಂಬ ಗ್ರಂಥವು 1977ರಲ್ಲಿ ಪ್ರಕಟವಾಯಿತು. ಅದರ ಪೂರ್ವಾರ್ಧವು ಇತಿಹಾಸ, ಉತ್ತರಾರ್ಧವು ಜೀವವಿಜ್ಞಾನ. ಇತಿಹಾಸದ ಅಧ್ಯಾಪಕನೊಬ್ಬನು ಇದರ ವಿಮರ್ಶೆಗೆ ಕೈಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಲೇಖಕರೇ ನಮ್ಮ ಹೊಲಕ್ಕೆ ಇಳಿದಿರುವಾಗ, ಅವರ ಬದುವನ್ನು ನಾವೊಮ್ಮೆ ದಾಟಿದರೆ ಅಪರಾಧವಾಗಲಾರದು.

ಚರ್ಚೆಗೆ ಬಹುಕಾಲ ಆಸ್ಪದವಿತ್ತ ಪ್ರಾಣಿ ಮೆಕ್ಸಿಕೋದ ಆಕ್ಸೊಲಾಟಲ್. ಅನೇಕ ಸಲಮಾಂಡರುಗಳು ನೀರಿನಲ್ಲಿ ಕಿವಿರುಗಳುಳ್ಳ ಮರಿಗಳಾಗಿ ಬೆಳೆದು, ರೂಪಾಂತರ ಹೊಂದಿ ನೆಲವನ್ನೇರುತ್ತವೆ. ಆಕ್ಸೊಲಾಟಲ್ ಕಿವಿರುಗಳನ್ನು ಉಳಿಸಿಕೊಂಡೇ ಸಂತಾನವನ್ನು ಪಡೆಯುತ್ತದೆ. ಹಂಬೋಲ್ಟನು ತಂದ ಮಾದರಿಗಳನ್ನು ನೋಡಿದ ಕ್ಯುವಿಯೆ, ಇದು ಯಾವುದೋ ಸಲಮಾಂಡರಿನ ಮರಿಯಿರಬೇಕೆಂದು ಊಹಿಸಿದ್ದನು. ಫ್ರೆಂಚ್ ಸೇನೆಯು ಮೆಕ್ಸಿಕೋದಲ್ಲಿದ್ದ ಕಾಲದಲ್ಲಿ ಪ್ಯಾರಿಸ್ಸಿಗೆ ಬಂದ ಕೆಲವು ಆಕ್ಸೊಲಾಟಲುಗಳು ಆಗುಸ್ತ್ ದ್ಯುಮೆರಿಲನ ಕೈಸೇರಿದುವು. 1865ರಲ್ಲಿ ಅವು ಮೊಟ್ಟೆಯಿಟ್ಟುವು. ಅದೇ ವರ್ಷ ಆ ಸಂತಾನದಲ್ಲಿ ಕೆಲವು ಕಿವಿರುಗಳನ್ನು ಕಳೆದುಕೊಂಡು ನೆಲದ ಸಲಮಾಂಡರುಗಳಾದುವು! ತಾಯಿತಂದೆಗಳು ಮರಿಗಳಂತೆ, ಮಕ್ಕಳು ಪ್ರೌಢರಂತೆ. ಇದು ಮುನ್ನಡೆಯಲ್ಲ, ಪೂರ್ವಜರ ಸ್ಥಿತಿಗೆ ಮರಳಿದುದೆಂದು ವೈಸ್‌ಮನ್ನನು 1875ರಲ್ಲಿ ವಾದಿಸಿದನು.

ಗ್ರಂಥದ ಸತ್ತ್ವವಿರುವುದು ಇಂತಹ ವಾದಗಳ ಚರಿತ್ರೆಯಲ್ಲಿ. ಭ್ರೂಣವು ಪೂರ್ವಜರ ಪ್ರೌಢಾವಸ್ಥೆಗಳನ್ನು ಮರುಕಳಿಸುತ್ತದೆಂಬ ಹೆಕೆಲನ ಸಿದ್ಧಾಂತವನ್ನು ಹಿಡಿದು, ಇತರ ಜನಾಂಗಗಳ ಪ್ರೌಢರು ಬಿಳಿಯರ ಮಕ್ಕಳಿಗೆ ಸಮಾನರೆಂದು ಯೂರೋಪಿನ ಪಂಡಿತರು ಬರೆದರು. ಮುಂದೆ 1926ರಲ್ಲಿ ಬೋಲ್ಕನು ಭ್ರೂಣಲಕ್ಷಣಗಳನ್ನು ಉಳಿಸಿಕೊಂಡುದೇ ಮಾನವನ ಹಿರಿಮೆಯೆಂದು ಸಾರಿದನು. ಹಾಗಾದರೆ ಮೊದಲಿನ ತೀರ್ಪು ತಲೆಕೆಳಗಾಗಬೇಕಷ್ಟೆ? ಆಗಲಿಲ್ಲ. ಸಾಕ್ಷ್ಯವು ತಿರುವುಮುರುವಾಯಿತು, ಬಿಳಿಯರು ಮಾತ್ರ ಮೇಲೆಯೇ ಉಳಿದರು. ವಸಾಹತು ಆಡಳಿತಗಾರರ ಬರವಣಿಗೆಯಲ್ಲಿ ಆಳಿಸಿಕೊಂಡವರನ್ನು ಮಕ್ಕಳೆಂದು ಬಗೆದುದನ್ನು ಕಂಡಿರುವ ನಮ್ಮ ವಿದ್ಯಾರ್ಥಿಗಳು ಈ ಪುಟಗಳನ್ನು ಅವಶ್ಯವಾಗಿ ಓದತಕ್ಕದ್ದು.

ಉತ್ತರಾರ್ಧದ ಬಗ್ಗೆ ನನಗೆ ಅಷ್ಟು ಸಮಾಧಾನವಿಲ್ಲ. ಪರಿಸರವು ಅಸ್ಥಿರವಾಗಿದ್ದರೆ ಬೇಗನೆ ಪ್ರಜನನಶಕ್ತಿ ಬರುವುದು, ಸ್ಥಿರವಾಗಿದ್ದರೆ ದೇಹದ ಬೆಳವಣಿಗೆ ನಿಧಾನವಾಗುವುದು ಎಂಬ ಜೋಡಿ ಸೂತ್ರವನ್ನು ಗೂಲ್ಡರು ಮುಂದಿಡುತ್ತಾರೆ. ಅನ್ಯರ ಸುಲಭಸೂತ್ರಗಳನ್ನು ಪೂರ್ವಾರ್ಧದಲ್ಲಿ ಬಿಡಿಸಿ ತೋರಿಸಿದವರು ತಾವೇ ಒಂದನ್ನು ಹೆಣೆದರು. ಉತ್ತರ ಅಮೆರಿಕದ ಕೆಲವು ಸಲಮಾಂಡರುಗಳಲ್ಲಿ ಒಂದೇ ಕೊಳದ ಮರಿಗಳಲ್ಲಿ ಕೆಲವು ನೆಲಕ್ಕೇರುತ್ತವೆ, ಕೆಲವು ನೀರಿನಲ್ಲೇ ಉಳಿಯುತ್ತವೆ. ನೀರಿನಲ್ಲಿ ಚೆನ್ನಾಗಿ ಉಂಡು ಕೊಬ್ಬಿದ ಮರಿಯು ಲಾಭಕ್ಕಾಗಿ ಉಳಿಯಬಹುದು. ರೂಪಾಂತರಕ್ಕೆ ಸಾಲದಷ್ಟು ಸಣ್ಣದಾದ ಮರಿಯು ನಿರ್ವಾಹವಿಲ್ಲದೆ ಉಳಿಯಬಹುದು. ಈ ಎರಡು ಬಗೆಗಳನ್ನು ಹವರ್ಡ್ ವೈಟ್‌ಮನ್ನರು 1994ರಲ್ಲಿ ಬೇರ್ಪಡಿಸಿದರು. ಫಲ ಒಂದೇ, ಕಾರಣ ವಿರುದ್ಧ. ದೇಹದೊಳಗಿನ ಕಾರಣವೂ ಏಕರೂಪವಲ್ಲ: ಥೈರಾಯಿಡ್ ರಸವನ್ನು ಕೊಟ್ಟರೆ ಆಕ್ಸೊಲಾಟಲ್ ರೂಪಾಂತರ ಹೊಂದುತ್ತದೆ, ಯೂರೋಪಿನ ಗುಹೆಗಳ ಓಲ್ಮ್ ಹೊಂದುವುದಿಲ್ಲ. 1977ರ ಗ್ರಂಥವನ್ನು 1994ರ ಜ್ಞಾನದಿಂದ ದೂಷಿಸುವುದು ನ್ಯಾಯವಲ್ಲ, ನಿಜ. ಆದರೆ ಇಂದಿಗೂ ಆ ಸೂತ್ರವನ್ನೇ ಬಾಯಿಪಾಠ ಮಾಡಿಸುವ ಅಧ್ಯಾಪಕರಿಗೆ ಈ ವಿನಾಯಿತಿ ಸಲ್ಲದು.

ಕಡೆಯ ಅಧ್ಯಾಯದಲ್ಲಿ ಲೇಖಕರು ಬೋಲ್ಕನ ಜನಾಂಗವಾದವನ್ನು ತಳ್ಳಿಹಾಕಿ, ಅವನ ತಿರುಳನ್ನು ಮಾತ್ರ ಉಳಿಸಿಕೊಂಡು, ಬೆಳವಣಿಗೆಯ ವಿಳಂಬವೇ ಮಾನವ ವಿಕಾಸದ ಮುಖ್ಯಸೂತ್ರವೆನ್ನುತ್ತಾರೆ. ತಲೆಬುರುಡೆಯ ಮಟ್ಟಿಗೆ ಈ ಮಾತನ್ನು ಕೇಳಬಹುದು. ಕಾಲುಗಳ ಗತಿಯೇನು? ಶಿಶುವಿನ ಕಾಲು ಗಿಡ್ಡ, ಪ್ರೌಢನದು ನೀಳ.