ತಾರ ಮತ್ತು ಹಣ: ನಾಣ್ಯವಾಚಕ ಶಬ್ದಗಳ ಅರ್ಥವಿಚಾರ

ಪ್ರಾಚೀನ ಕಾವ್ಯಶಾಸನಗಳಿಗೆ ಅರ್ಥವನ್ನು ಬರೆಯುವಾಗ ವರಹ, ಹಣ, ತಾರ ಎಂಬ ಶಬ್ದಗಳಿಗೆಲ್ಲ ದ್ರವ್ಯವೆಂಬ ಒಂದೇ ಅರ್ಥವನ್ನು ಹೇಳಿ ಮುಂದೆ ಸಾಗುವ ವಾಡಿಕೆಯುಂಟು. ಇದರಿಂದ ದಾನದ ಪ್ರಮಾಣವೂ ದಾನಿಯ ಅಂತಸ್ತೂ ಮರೆಯಾಗುವುವು. ಈ ವಾಡಿಕೆಯು ಪರೀಕ್ಷಾರ್ಹವಾಗಿದೆ.

ಇಮ್ಮಡಿ ದೇವರಾಯನ ಕಾಲದಲ್ಲಿ, 1443ರಲ್ಲಿ, ವಿಜಯನಗರಕ್ಕೆ ಬಂದ ಪಾರಸೀಕ ದೂತನಾದ ಅಬ್ದುರ್ ರಜಾಕನು ನಾಣ್ಯಗಳ ಲೆಕ್ಕವನ್ನು ಕೊಟ್ಟಿರುವನು. ವರಹದ ಅರ್ಧವು ಪ್ರತಾಪ. ಪ್ರತಾಪದ ಹತ್ತರಲ್ಲೊಂದು ಪಾಲು ಹಣ. ಇವು ಮೂರೂ ಚಿನ್ನದವು. ಹಣದ ಆರರಲ್ಲೊಂದು ಪಾಲು ಬೆಳ್ಳಿಯ ತಾರ. ತಾರದ ಮೂರರಲ್ಲೊಂದು ಪಾಲು ತಾಮ್ರದ ಜಿತಲ. ಎಂದರೆ ಒಂದು ವರಹಕ್ಕೆ 20 ಹಣ, 120 ತಾರ, 360 ಜಿತಲ. ಇಲ್ಲಿ ‘ಹಣ’ವು ಸಾಮಾನ್ಯ ಧನವಾಚಕವಲ್ಲ, ನಿಯತವಾದ ಒಂದು ಚಿನ್ನದ ನಾಣ್ಯದ ಹೆಸರು. ಹಳಗನ್ನಡದ ಪಣವೇ ಪಕಾರವು ಹಕಾರವಾಗಿ ಹಣವೆನಿಸಿತು. ಧನಸಾಮಾನ್ಯವೆಂಬ ಇಂದಿನ ರೂಢಿಯನ್ನು ಅಂದಿನ ವಾಕ್ಯಕ್ಕೆ ಆರೋಪಿಸುವುದು ಯುಕ್ತವಲ್ಲ.

ತಾರ ಶಬ್ದಕ್ಕೆ ಸಂಸ್ಕೃತದಲ್ಲಿ ಬೆಳ್ಳಿಯೆಂಬ ಅರ್ಥವೂ ಉಂಟು. ಬೆಳ್ಳಿಯದಾದುದರಿಂದ ಅದು ದೊಡ್ಡ ನಾಣ್ಯವಾಗಿರಬೇಕೆಂದು ಊಹಿಸುವುದಕ್ಕೆ ಬೆಳ್ಳಿ ರೂಪಾಯಿಯ ಅಭ್ಯಾಸವೇ ಕಾರಣ. ಲೋಹವೊಂದೇ ನಾಣ್ಯದ ಪದವಿಯನ್ನು ನಿರ್ಣಯಿಸಲಾರದೆಂಬುದಕ್ಕೆ ಇಟಲಿಯ ವೆನಿಸ್ ಗಣರಾಜ್ಯವು ನಿದರ್ಶನ. ಅಲ್ಲಿ ಎನ್ರಿಕೋ ದಾಂದೊಲೋ ಎಂಬ ಅಧಿಪತಿಯ ಕಾಲದಲ್ಲಿ (1192–1205) ಟಂಕಿತವಾದ ‘ಗ್ರೊಸ್ಸೋ’ ಸುಮಾರು 2.2 ಗ್ರಾಂ ತೂಕದ, ಬಹುತೇಕ ಶುದ್ಧವಾದ ಬೆಳ್ಳಿಯ ನಾಣ್ಯ. ಸಮುದ್ರವ್ಯಾಪಾರದ ದೊಡ್ಡ ಪಾವತಿಗಳು ಅದರಿಂದ ನಡೆದುವು. ಚಿನ್ನದ ‘ಡುಕಾಟ್’ ಹುಟ್ಟಿದುದು 1284ರಲ್ಲಿ. ವಿಜಯನಗರದಲ್ಲಾದರೋ ದೊಡ್ಡ ವ್ಯವಹಾರವು ಚಿನ್ನದ್ದು. ಬೆಳ್ಳಿಯು ಚಿನ್ನಕ್ಕೂ ತಾಮ್ರಕ್ಕೂ ನಡುವಣ ಚಿಲ್ಲರೆ. ಒಂದೇ ಲೋಹ, ಭಿನ್ನ ಪದವಿ. ವೆನಿಸಿನವನೇ ಆದ ನಿಕೊಲೋ ಕೊಂಟಿಯು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಭಾರತವನ್ನು ಕಂಡು, ಇಲ್ಲಿನ ಕೆಲವು ಭಾಗಗಳಲ್ಲಿ ತನ್ನ ನಾಡಿನ ಡುಕಾಟುಗಳು ಸಲ್ಲುತ್ತಿದ್ದುವೆಂದು ಹೇಳಿರುವುದೂ ಗಮನಾರ್ಹ.

ಹಾಗೆಂದು ಪ್ರವಾಸಿಗಳ ಲೆಕ್ಕವನ್ನು ಸರ್ವಕಾಲಕ್ಕೂ ಪ್ರಮಾಣವೆಂದು ಹಿಡಿಯಲಾಗದು. 1510ರಲ್ಲಿ ಪ್ರಕಟವಾದ ಇಟಲಿಯ ವಾರ್ತೆಮಾನ ಗ್ರಂಥದಲ್ಲಿ ವಿಜಯನಗರದ ಒಂದು ಹಣಕ್ಕೆ 16 ತಾರವೆಂದಿದೆ. ಆರೆಲ್ಲಿ, ಹದಿನಾರೆಲ್ಲಿ! ಇಬ್ಬರಲ್ಲೊಬ್ಬನನ್ನು ಸುಳ್ಳುಗಾರನೆನ್ನುವುದಕ್ಕಿಂತ, ಇಬ್ಬರ ನಡುವೆ ಅರುವತ್ತು ವರ್ಷಗಳಷ್ಟು ಅಂತರವಿರುವುದನ್ನು ನೆನೆದು, ಆಯಾ ಪಾಠಕ್ಕೆ ಆಯಾ ಕಾಲದ ಲೆಕ್ಕವನ್ನೇ ಅನ್ವಯಿಸುವುದು ವಿವೇಕ. ಹೆಸರು ನಿಂತಿದ್ದರೂ ಬೆಲೆ ನಿಂತಿರಬೇಕೆಂಬ ನಿಯಮವಿಲ್ಲ.

ಈ ವಿವೇಕವು ಕೋಲಾರ ಸೀಮೆಯವರಿಗೆ ವಿಶೇಷವಾಗಿ ಬೇಕು. ಗೌನಿಪಲ್ಲಿಗೆ ದೂರವಲ್ಲದ ಮುಳಬಾಗಿಲು ವಿಜಯನಗರದ ಮುಳುವಾಯಿ ರಾಜ್ಯದ ಕೇಂದ್ರವಾಗಿತ್ತು. ಇಮ್ಮಡಿ ದೇವರಾಯನ ದಂಡನಾಯಕನಾಗಿ ಅಲ್ಲಿ ಆಳಿದ ಲಕ್ಕಣ್ಣನೇ ‘ಶಿವತತ್ತ್ವಚಿಂತಾಮಣಿ’ಯ ಕರ್ತೃ. ಅಬ್ದುರ್ ರಜಾಕನು ಕಂಡ ನಾಣ್ಯಗಳೂ ಲಕ್ಕಣ್ಣನ ಕನ್ನಡವೂ ಒಂದೇ ಕಾಲದವು. ಆ ಕಾಲದ ಗ್ರಂಥಶಾಸನಗಳನ್ನು ಪಾಠ ಹೇಳುವ ಅಧ್ಯಾಪಕರು ‘ಹಣ’ವೆಂಬಲ್ಲಿ ಕ್ಷಣಕಾಲ ನಿಂತು, ಪಕ್ಕದಲ್ಲಿ ಸಂಖ್ಯೆಯಿದೆಯೇ ಎಂದು ನೋಡಬೇಕು. ಸಂಖ್ಯೆಯಿದ್ದರೆ ಅದು ನಾಣ್ಯ. ಅದರ ಬೆಲೆಯನ್ನು ತಿಳಿಸದ ಟೀಕೆಯು ಅಪೂರ್ಣ.